ಸುಂಕದ ಕಟ್ಟೆಯೂ ಬಂದರಿನ ದಾರಿಯೂ

ನಮ್ಮ ಪ್ರೌಢಶಾಲೆಯ ಆಟದ ಮೈದಾನವನ್ನು ಊರಿನ ಹಿರಿಯರು ಇಂದಿಗೂ ‘ಗಾಡಿಬಯಲು’ ಎಂದೇ ಕರೆಯುತ್ತಾರೆ. ಐವತ್ತು ವರ್ಷಗಳ ಹಿಂದೆ ಶಾಲೆಗೆಂದು ಈ ಜಾಗ ದೊರೆತಾಗ ಅಲ್ಲಿದ್ದದ್ದು ಒಂದು ಹಳೆಯ ಬಾವಿ, ದನಗಳಿಗೆ ನೀರು ತುಂಬಿಡುವ ಎರಡು ಕಲ್ಲುಬಾನಿ, ನಾಲ್ಕಾರು ಮಾವಿನ ಮರ. ಕುಮಟೆಯ ಕಡೆಯಿಂದ ದೇವಿಮನೆ ಘಟ್ಟ ಹತ್ತುವ ಗಾಡಿಗಳು ರಾತ್ರಿ ಇಲ್ಲಿ ಎತ್ತು ಬಿಚ್ಚಿ, ಬೆಳಗಿನ ಜಾವದ ತಂಪಿನಲ್ಲಿ ಹೊರಡುತ್ತಿದ್ದವಂತೆ. ನಾನು ಎಂಟನೆಯ ತರಗತಿಗೆ ಸೇರುವ ಹೊತ್ತಿಗೆ ಅಂಥ ಗಾಡಿಗಳು ಬೆರಳೆಣಿಕೆಯಷ್ಟೇ ಉಳಿದಿದ್ದವು. ಅವೆಲ್ಲ ಎಲ್ಲಿ ಹೋದವು ಎಂದು ಕೇಳಿದಾಗ ನನ್ನ ಅಜ್ಜ ತಮ್ಮ ತಂದೆಯಿಂದ ಕೇಳಿದ್ದನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದರು: “ಗೋವೆಗೆ ರೈಲು ಬಂತು ಮಗಾ, ನಮ್ಮ ಬಂದರು ಕೆಟ್ಟಿತು.”

ಮುಂದೆ ಇತಿಹಾಸ ಓದಿ, ಅದನ್ನೇ ಮಕ್ಕಳಿಗೆ ಪಾಠ ಮಾಡುವವನಾದ ಮೇಲೆ ಅಜ್ಜನ ಮಾತು ನಿಜವೆಂದು ತಿಳಿಯಿತು. ಆದರೆ ರೈಲಿಗಿಂತ ಮೊದಲೇ ಅಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಒಂದು ಸುಂಕದ ಕಟ್ಟೆ ಎದ್ದು ಹೋಗಿತ್ತು. ದಾರಿಗಳು ಬೆಟ್ಟ, ಹೊಳೆ ನೋಡಿಕೊಂಡು ಹುಟ್ಟುತ್ತವೆ ನಿಜ. ಅವು ಬಾಳುವುದೂ ಬರಿದಾಗುವುದೂ ಮಾತ್ರ ಬಹುಮಟ್ಟಿಗೆ ಸುಂಕ ಎಲ್ಲಿ, ಎಷ್ಟು, ಎಷ್ಟು ಸಲ ಕೊಡಬೇಕು ಎಂಬುದರ ಮೇಲೆ ನಿಂತಿದೆ. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ನಮ್ಮ ಜಿಲ್ಲೆಯ ದಾರಿಗಳನ್ನೇ ಇಟ್ಟುಕೊಂಡು ಈ ವಿಷಯವನ್ನು ನಾಲ್ಕು ಮಾತಿನಲ್ಲಿ ಹೇಳಬೇಕೆಂದಿದ್ದೇನೆ.

ಶಾಸನಗಳ ಕಾಲ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ನಮಗೆಲ್ಲ ಗೊತ್ತು. ಸುಂಕದಕಟ್ಟೆ ಎಂಬ ಹೆಸರಿನ ಊರು, ಬಡಾವಣೆಗಳು ನಾಡಿನಲ್ಲಿ ಈಗಲೂ ಇವೆ. ಕಲ್ಯಾಣದ ಚಾಲುಕ್ಯರ, ಹೊಯ್ಸಳರ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಮುಂತಾದ ಸುಂಕಗಳ ಹೆಸರು ಮತ್ತೆ ಮತ್ತೆ ಬರುತ್ತವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕ ವಸೂಲಿಯನ್ನೇ ಕಾಯಕ ಮಾಡಿಕೊಂಡಿದ್ದ ಸುಂಕದ ಬಂಕಣ್ಣ ಎಂಬ ವಚನಕಾರರೂ ಇದ್ದರು.

ಸುಂಕವೆಂದರೆ ಬರೀ ಸುಲಿಗೆ ಎಂದು ತಿಳಿಯಬೇಕಾಗಿಲ್ಲ. ಆ ಹಣದಿಂದ ಕೆರೆಗಳು ದುರಸ್ತಿಯಾದವು, ದೇವಸ್ಥಾನದ ನಂದಾದೀಪ ಉರಿಯಿತು, ದಾರಿಗೆ ಕಾವಲು ದೊರೆಯಿತು. ಇಷ್ಟು ಎತ್ತಿನ ಹೇರುಗಳಿಗೆ ಸುಂಕ ಮಾಫಿ ಎಂದು ವರ್ತಕರಿಗೋ ದೇವಾಲಯಕ್ಕೋ ಬಿಟ್ಟುಕೊಟ್ಟ ಶಾಸನಗಳೂ ಇವೆ. ಮಾಫಿ ಇದ್ದ ದಾರಿಯನ್ನೇ ವರ್ತಕ ಹಿಡಿಯುತ್ತಿದ್ದ ಎಂದು ಬೇರೆ ಹೇಳಬೇಕಾಗಿಲ್ಲ.

ವಿಜಯನಗರದ ಕಾಲಕ್ಕೆ ಈ ವ್ಯವಸ್ಥೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಪೇಟೆಗೆ ಮಾರಲು ತಂದ ಸರಕಿಗೆ ಸ್ಥಳದಾಯ, ಸೀಮೆಯನ್ನು ಹಾದು ಮುಂದೆ ಹೋಗುವ ಸರಕಿಗೆ ಮಾರ್ಗಾದಾಯ, ಹೊರಗೆ ಕಳಿಸುವ ಸರಕಿಗೆ ಮಾಮೂಲಾದಾಯ ಎಂದು ಮೂರು ಬಗೆ. ಸುಂಕ ಎತ್ತುವ ಹಕ್ಕನ್ನು ಗುತ್ತಿಗೆಗೆ ಕೊಡುವುದೂ ಇತ್ತು. 1535ರ ಸುಮಾರಿಗೆ ರಾಜಧಾನಿಯ ವಿಷಯ ಬರೆದ ಪೋರ್ಚುಗೀಸ ಕುದುರೆ ವ್ಯಾಪಾರಿ ನೂನಿಜ್, ಅಲ್ಲಿನ ಒಂದೇ ಬಾಗಿಲಿನ ಸುಂಕ ವರ್ಷಕ್ಕೆ 12,000 ಪರ್ದಾವ್‌ಗೆ ಗುತ್ತಿಗೆ ಹೋಗುತ್ತಿತ್ತೆಂದೂ, ಈಗಿನ ಹೊಸಪೇಟೆಯಾದ ನಾಗಲಾಪುರದಿಂದ 45,000 ಪರ್ದಾವ್ ಬರುತ್ತಿತ್ತೆಂದೂ ಹೇಳುತ್ತಾನೆ. ತಲೆಹೊರೆ ಹೊತ್ತು ಬಂದವರಿಗೂ ವಿನಾಯಿತಿ ಇರಲಿಲ್ಲ.

ಈ ಮೂರರಲ್ಲಿ ದಾರಿಯ ಮೇಲೆ ಹೆಚ್ಚು ಪರಿಣಾಮ ಮಾಡುವುದು ಮಾರ್ಗಾದಾಯ. ಘಟ್ಟದ ಮೇಲಿನ ಒಂದು ಹೇರು ಕಾಳುಮೆಣಸು ಕಡಲಿಗೆ ಇಳಿಯುವಾಗ ಮೂವರು ಪಾಳೆಯಗಾರರ ಸೀಮೆ ದಾಟಬೇಕಾದರೆ ಮೂರು ಕಡೆ ಸುಂಕ. ಹಣಕ್ಕಿಂತ ಕಾಯುವುದೇ ಹೆಚ್ಚು ಕಷ್ಟ. ಒಂದು ದಿನ ತಡೆದರೆ ಎತ್ತಿಗೆ ಒಂದು ದಿನದ ಮೇವು, ಆಳಿಗೆ ಒಂದು ದಿನದ ಅಕ್ಕಿ, ಮೇಲಾಗಿ ಮಳೆ ಹಿಡಿಯುವ ಭಯ. ಕಟ್ಟೆ ಕಡಿಮೆ ಇದ್ದ ದಾರಿ ಎರಡು ಹರದಾರಿ ಸುತ್ತಾದರೂ ವರ್ತಕನಿಗೆ ಹತ್ತಿರ.

ಬಂದರಿನ ಬಾಗಿಲು

ಘಟ್ಟದ ದಾರಿಗಳೆಲ್ಲ ಕೊನೆಗೆ ಯಾವುದಾದರೂ ಬಂದರಿಗೆ ಇಳಿಯಬೇಕು. ಬಂದರಿನ ಬಾಗಿಲಲ್ಲಿ ಕುಳಿತವನು ಬದಲಾದರೆ ಒಳನಾಡಿನ ದಾರಿಯೂ ಬದಲಾಗುತ್ತದೆ. ಇದಕ್ಕೆ ಒಳ್ಳೆಯ ಉದಾಹರಣೆ ಭಟ್ಕಳ. ಅರಬ್ಬರ ನಾಡಿನ ಕುದುರೆಗಳು ಅಲ್ಲಿ ಇಳಿದು, ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿದ್ದವು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಕುದುರೆ ತರುವ ಹಡಗುಗಳೆಲ್ಲ ಗೋವೆಗೇ ಬಂದು ಸುಂಕ ಕೊಡಬೇಕೆಂದು ಕಟ್ಟು ಮಾಡಿದರು. ಅವರ ‘ಕಾರ್ತಾಜ್’ ಎಂಬ ರಹದಾರಿ ಚೀಟಿ ಇಲ್ಲದೆ ಕಡಲಿಗಿಳಿದ ಹಡಗನ್ನು ಹಿಡಿಯುತ್ತಿದ್ದರು. ನೆಲದ ಮೇಲಿನ ಸುಂಕದ ಕಟ್ಟೆಯನ್ನು ಅವರು ನೀರಿನ ಮೇಲೆ ಕಟ್ಟಿದರು ಎನ್ನಬಹುದು. ಭಟ್ಕಳದ ಕುದುರೆ ವ್ಯಾಪಾರ ಗೋವೆಗೆ ಸರಿಯಿತು.

1547ರಲ್ಲಿ ವಿಜಯನಗರಕ್ಕೂ ಪೋರ್ಚುಗೀಸರಿಗೂ ಒಂದು ಒಪ್ಪಂದವಾಯಿತು. ಗೋವೆಗೆ ಬರುವ ಕುದುರೆಗಳು ಬಿಜಾಪುರಕ್ಕೆ ಹೋಗದೆ ವಿಜಯನಗರಕ್ಕೇ ಹೋಗಬೇಕು, ವಿಜಯನಗರದ ಸರಕು ಅಂಕೋಲೆ, ಹೊನ್ನಾವರದ ಬಂದರುಗಳಿಗೆ ಇಳಿಯಬೇಕು ಎಂಬುದು ಅದರ ಮುಖ್ಯ ಅಂಶಗಳಲ್ಲಿ ಸೇರಿತ್ತು. ದೂರದಲ್ಲಿ ಬರೆದ ಒಂದು ಕಾಗದ ನಮ್ಮ ಎರಡು ಊರುಗಳ ದಾರಿಗೆ ಜೀವ ಕೊಟ್ಟಿತು.

ಗೇರುಸೊಪ್ಪೆಯ ಕಾಳುಮೆಣಸಿನ ಕಥೆಯೂ ಇದೇ ಬಗೆಯದು. ಶರಾವತಿಯಲ್ಲಿ ದೋಣಿಯಿಂದ ಗೇರುಸೊಪ್ಪೆಗೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋಗುವ ದಾರಿಯಲ್ಲಿ 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ ಪ್ರಯಾಣ ಮಾಡಿದ. ಅವನು ಹೋದದ್ದು ವೆಂಕಟಪ್ಪ ನಾಯಕರ ಬಳಿ ಮಾತುಕತೆಗೆ ಹೊರಟಿದ್ದ ಪೋರ್ಚುಗೀಸ ರಾಯಭಾರಿಯ ಜೊತೆ. ಮಾತುಕತೆಯಲ್ಲಿ ಕಾಳುಮೆಣಸಿನ ವಿಷಯವೂ ಇತ್ತು. ಘಟ್ಟದ ಮೇಲಿನ ತೋಟ ಕೆಳದಿಯವರದು, ಹೊನ್ನಾವರದ ಕೋಟೆ ಪೋರ್ಚುಗೀಸರದು. ಮೇಲೆ ಒಬ್ಬ ಯಜಮಾನ, ಬಾಯಿಯಲ್ಲಿ ಇನ್ನೊಬ್ಬ ಯಜಮಾನ ಇದ್ದರೆ ಜಗಳ ತಪ್ಪದು. 1650ರ ದಶಕದಲ್ಲಿ ಶಿವಪ್ಪ ನಾಯಕರು ಹೊನ್ನಾವರ, ಬಸರೂರು, ಗಂಗೊಳ್ಳಿಗಳಿಂದ ಪೋರ್ಚುಗೀಸರನ್ನು ಹೊರಡಿಸಿದ್ದರ ಹಿಂದೆ ಈ ಲೆಕ್ಕವೂ ಇತ್ತೆಂದು ನನಗನಿಸುತ್ತದೆ.

ಕುಮಟೆಯ ಹೆಸರು ಹೊತ್ತ ಹತ್ತಿ

1799ರಲ್ಲಿ ಕೆನರಾ ಕುಂಪಣಿಯ ಕೈಗೆ ಬಂದು ಮದರಾಸಿಗೆ ಸೇರಿತು. 1818ರ ಸುಮಾರಿಗೆ ಧಾರವಾಡ ಮುಂಬಯಿ ಆಡಳಿತಕ್ಕೆ ಸೇರಿತು. ಹೀಗೆ ಹೊಲ ಒಂದು ಸರ್ಕಾರದ್ದು, ಬಂದರು ಇನ್ನೊಂದು ಸರ್ಕಾರದ್ದು ಎಂದಾಯಿತು. ಒಳನಾಡಿನ ಸಾಗಾಟದ ಸುಂಕವನ್ನು ಮುಂಬಯಿಯಲ್ಲಿ 1838ರ ಕಾಯ್ದೆಯಿಂದ, ಮದರಾಸಿನಲ್ಲಿ 1844ರ ಕಾಯ್ದೆಯಿಂದ ತೆಗೆದುಹಾಕಿದರು. ದಾರಿಯ ಕಟ್ಟೆಗಳು ಎದ್ದುಹೋದ ಮೇಲೆ ಧಾರವಾಡ ಸೀಮೆಯ ಹತ್ತಿ ಸಲೀಸಾಗಿ ಘಟ್ಟ ಇಳಿಯಿತು. ಮೊದಲು ಲಂಬಾಣಿಗರ ಎತ್ತಿನ ಹೇರಿನಲ್ಲಿ, ರಸ್ತೆಯಾದ ಮೇಲೆ ಗಾಡಿಯಲ್ಲಿ ಕುಮಟೆಗೆ ಬಂದು, ಅಲ್ಲಿಂದ ಮಚವೆ, ಪಾತೆಮಾರಿಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. ತಿರುಗಿ ಹೋಗುವ ಹೇರಿನಲ್ಲಿ ಉಪ್ಪು, ತೆಂಗಿನಕಾಯಿ. ಕುಮಟೆಯಲ್ಲಿ ಬೆಳೆಯದ ಆ ಹತ್ತಿಗೆ ಮುಂಬಯಿ, ಲಿವರ್‌ಪೂಲ್‌ಗಳ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. ಬೆಳೆದ ಹೊಲದ ಹೆಸರು ಹಿಂದೆ ಉಳಿದು, ಬಂದರಿನ ಹೆಸರು ಕಡಲು ದಾಟಿತು.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ನಿಂತು, ನಮ್ಮ ಹತ್ತಿಗೆ ಬೇಡಿಕೆ ಏರಿತು. ಬಂದರನ್ನು ಸುಧಾರಿಸಬೇಕೆಂದು ಮುಂಬಯಿಯ ವರ್ತಕರು ಒತ್ತಾಯಿಸಿದರು. 1862ರಲ್ಲಿ ಉತ್ತರ ಕೆನರಾವನ್ನು ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆ ಹತ್ತಿಯ ಈ ಒತ್ತಡವಿತ್ತು. ಕಾರವಾರ ಜಿಲ್ಲಾ ಕೇಂದ್ರವಾಯಿತು. ಕಾರವಾರಕ್ಕೆ ರೈಲು ಬರುತ್ತದೆಂದು ಜನ ಆಸೆಯಿಂದ ಕಾದರು.

ಆದರೆ 1878ರ ಡಿಸೆಂಬರಿನಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಂದು ಒಪ್ಪಂದವಾಗಿ, 1880ರಿಂದ ಜಾರಿಗೆ ಬಂತು. ಗೋವೆಯ ಗಡಿಯ ಸುಂಕದ ಕಟ್ಟೆಗಳನ್ನು ಎತ್ತಿದರು. ಗೋವೆಯ ಉಪ್ಪಿನ ಉತ್ಪಾದನೆ ಬ್ರಿಟಿಷರ ಹತೋಟಿಗೆ ಬಂತು. ಅದಕ್ಕೆ ಬದಲಾಗಿ ವರ್ಷಕ್ಕೆ ನಾಲ್ಕು ಲಕ್ಷ ರೂಪಾಯಿ ಪರಿಹಾರ. ಮೊರ್ಮುಗೋವಾದಿಂದ ಘಟ್ಟದ ಮೇಲಕ್ಕೆ ರೈಲು ಹಾಕುವುದೂ ಒಪ್ಪಂದದಲ್ಲಿ ಸೇರಿತ್ತು. 1888ರಲ್ಲಿ ಆ ರೈಲು ಕ್ಯಾಸಲ್‌ರಾಕ್ ಮುಟ್ಟಿ ಈಚೆಯ ದಾರಿಗೆ ಕೂಡಿಕೊಂಡಿತು. ಗಡಿಯಲ್ಲಿ ಸುಂಕವಿಲ್ಲ, ಘಟ್ಟದಲ್ಲಿ ಎತ್ತಿನ ಮೇವಿನ ಖರ್ಚಿಲ್ಲ. ಹತ್ತಿ ಅತ್ತ ಹೊರಳಿತು. ಕುಮಟೆ, ಕಾರವಾರಗಳ ವ್ಯಾಪಾರ ಸೊರಗಿತು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. 1892ರಲ್ಲಿ ಆ ಒಪ್ಪಂದ ಮುಗಿದು ಗೋವೆಯ ಗಡಿಗೆ ಸುಂಕ ಮತ್ತೆ ಬಂತು. ಆದರೂ ಹೋದ ವ್ಯಾಪಾರ ಕುಮಟೆಗೆ ಮರಳಲಿಲ್ಲ. ಹನ್ನೆರಡು ವರ್ಷದಲ್ಲಿ ಹಳಿ ಬಿದ್ದಿತ್ತು, ವರ್ತಕರ ನಂಟು ಬೇರೆ ಕಡೆ ಬೆಳೆದಿತ್ತು. ಕಟ್ಟೆಯನ್ನು ಒಂದು ದಿನದಲ್ಲಿ ಎತ್ತಬಹುದು, ಇನ್ನೊಂದು ದಿನ ಇಡಬಹುದು. ದಾರಿಗೆ ಒಮ್ಮೆ ತಪ್ಪಿದ ರೂಢಿಯನ್ನು ಹಾಗೆ ತಿರುಗಿಸಲಾಗದು. ನಮ್ಮ ಗಾಡಿಬಯಲು ಬರಿದಾದ ಕಥೆಯ ಮೊದಲ ಪುಟ ಇದು. ಉಳಿದದ್ದನ್ನು ಮುಂದೆ ಲಾರಿಗಳು ಮುಗಿಸಿದವು.

ಜಕಾತಿ ನಾಕೆಯ ನೆನಪು

ಇಂಥದೇ ಒಂದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೈಸ್ಕೂಲಿನ ರಜೆಯಲ್ಲಿ ಅಪ್ಪನ ಜೊತೆ ತೆಂಗಿನಕಾಯಿ ಗಾಡಿಯಲ್ಲಿ ಘಟ್ಟದ ಮೇಲಿನ ಪೇಟೆಗೆ ಹೋಗುತ್ತಿದ್ದೆ. ಪೇಟೆಯ ಬಾಯಿಯಲ್ಲಿ ಪುರಸಭೆಯ ಜಕಾತಿ ನಾಕೆ. ಅಡ್ಡ ಬಿದಿರು, ಪಕ್ಕದಲ್ಲಿ ಒಂದು ತಗಡಿನ ಗೂಡು, ಒಳಗೆ ಕಂದೀಲು.

“ಕಾಯಿ ಎಷ್ಟು?” ಎಂದು ಗುಮಾಸ್ತರು ಕೇಳುವರು.

“ಎಂಟುನೂರು, ರಾಯರೆ.”

ಅವರು ಗಾಡಿಯ ಸುತ್ತ ಒಂದು ಸುತ್ತು ಬಂದು, ಪಾವತಿ ಹರಿದು ಕೊಡುವರು. ಜಕಾತಿ ಹೆಚ್ಚೇನಲ್ಲ. ಆದರೆ ಸಂತೆಯ ದಿನ ಮುಂದೆ ಹತ್ತಿಪ್ಪತ್ತು ಗಾಡಿ ನಿಂತಿದ್ದರೆ ಬೆಳಗಿನ ಒಳ್ಳೆಯ ದರ ಅಲ್ಲೇ ಕರಗುತ್ತಿತ್ತು. ಅದಕ್ಕೇ ನಾಕೆಯಿಂದ ಈಚೆಗೆ, ರಸ್ತೆಯ ಬದಿಯಲ್ಲಿ, ಒಂದು ಚಿಕ್ಕ ಪೇಟೆಯೇ ಹುಟ್ಟಿಕೊಂಡಿತ್ತು. ಹುಬ್ಬಳ್ಳಿಗೆ ಕಳಿಸುವ ವ್ಯಾಪಾರಿಗಳು ಅಲ್ಲೇ ಕಾಯಿ ಕೊಳ್ಳುತ್ತಿದ್ದರು. ಎರಡು ಚಹಾದಂಗಡಿ, ಎತ್ತಿಗೆ ಲಾಳ ಹೊಡೆಯುವವ, ಹುಲ್ಲು ಮಾರುವ ಹೆಂಗಸರು. ಆ ಪೇಟೆಗೆ ಅನ್ನ ಹಾಕುತ್ತಿದ್ದುದು ನಾಕೆ.

1979ರಲ್ಲಿ ಕರ್ನಾಟಕ ಸರ್ಕಾರ ಜಕಾತಿಯನ್ನು ರದ್ದು ಮಾಡಿ, ಅದರ ಬದಲು ಪ್ರವೇಶ ತೆರಿಗೆ ತಂದಿತು. ಬಿದಿರು ಮೇಲೆದ್ದಿತು. ಅಪ್ಪನಿಗೆ ಖುಷಿಯೋ ಖುಷಿ. ಎರಡು ವರ್ಷದ ಮೇಲೆ ಅದೇ ದಾರಿಯಲ್ಲಿ ಹೋದಾಗ ಈಚೆಯ ಪೇಟೆಯಲ್ಲಿ ಒಂದೇ ಚಹಾದಂಗಡಿ ಉಳಿದಿತ್ತು. ಲಾಳ ಹೊಡೆಯುವವ ಎಲ್ಲಿ ಹೋದ ಎಂದು ಕೇಳಿದೆ. ಅಂಗಡಿಯವರಿಗೂ ಗೊತ್ತಿರಲಿಲ್ಲ. ನಮಗೆ ಲಾಭವಾದದ್ದೂ ನಿಜ, ಅವನ ಒಲೆ ಆರಿದ್ದೂ ನಿಜ. ಸುಂಕದ ಇತಿಹಾಸ ಬರೆಯುವಾಗ ಈ ಎರಡನ್ನೂ ಬರೆಯಬೇಕು.

ಇಂದು

2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ರಾಜ್ಯದ ಗಡಿಗಳಲ್ಲಿದ್ದ ವಾಣಿಜ್ಯ ತೆರಿಗೆಯ ತನಿಖಾ ಠಾಣೆಗಳು ಮುಚ್ಚಿದವು. 2018ರಿಂದ ಸರಕಿನ ಜೊತೆ ಇ-ವೇ ಬಿಲ್ ಹೋಗುತ್ತದೆ. ಹೆದ್ದಾರಿಯ ಟೋಲಿನಲ್ಲಿ 2021ರಿಂದ ಫಾಸ್ಟ್ಯಾಗ್ ಕಡ್ಡಾಯ. ಕಟ್ಟೆ ಹೋಗಿ ಕಣ್ಣಿಗೆ ಕಾಣದ ಲೆಕ್ಕ ಬಂದಿದೆ. ಹಾಗೆಂದು ಹಳೆಯ ನಿಯಮ ಹೋಗಿಲ್ಲ. ಗೋವೆಯಲ್ಲಿ ಮದ್ಯದ ತೆರಿಗೆ ಕಡಿಮೆ, ನಮ್ಮಲ್ಲಿ ಹೆಚ್ಚು. ಅದಕ್ಕೇ ಕಾರವಾರದ ಮಾಜಾಳಿಯಲ್ಲಿ ಇಂದಿಗೂ ಅಬಕಾರಿ ತಪಾಸಣೆ. ಟೋಲ್ ತಪ್ಪಿಸಲು ಹಳ್ಳಿಯ ಕಿರುದಾರಿಗೆ ಇಳಿಯುವ ವಾಹನಗಳನ್ನು ನೋಡಿದಾಗ ಮಾರ್ಗಾದಾಯ ತಪ್ಪಿಸಿ ಸುತ್ತು ಹಾಕಿದ ಹೇರೆತ್ತುಗಳು ನನಗೆ ನೆನಪಾಗುತ್ತವೆ.

ನಮ್ಮ ಶಾಲೆಯ ಮಕ್ಕಳಿಗೆ ಇಷ್ಟು ಹೇಳಬೇಕೆನಿಸುತ್ತದೆ. ಊರು ಹಿಂದುಳಿದದ್ದು ನಮ್ಮ ಹಿರಿಯರು ಸೋಮಾರಿಗಳಾಗಿದ್ದರಿಂದ ಅಲ್ಲ. ಅವರನ್ನು ಯಾರೂ ಕೇಳದೆ ಆದ ಒಂದು ಒಪ್ಪಂದದಿಂದ ದಾರಿ ಬೇರೆ ಕಡೆ ತಿರುಗಿತು. ಮುಂದೆ ಊರಿಗೆ ರಸ್ತೆ ಅಗಲವಾಗುವಾಗ, ಬಂದರು ಬೆಳೆಯುವಾಗ, ಟೋಲ್ ಎಲ್ಲಿ ಕೂರುತ್ತದೆ, ಹಣ ಯಾರಿಗೆ ಹೋಗುತ್ತದೆ, ನಮ್ಮ ಸಂತೆ ಯಾವ ಕಡೆ ಉಳಿಯುತ್ತದೆ ಎಂದು ಮೊದಲೇ ಕೇಳುವವರು ನೀವಾಗಬೇಕು.

ಇನ್ನೊಂದು ಕೋರಿಕೆ ಹಳೆಯ ವಿದ್ಯಾರ್ಥಿಗಳಿಗೆ ಮತ್ತು ಊರವರಿಗೆ. ಗಾಡಿ ಹೊಡೆದವರು, ಹೇರು ನಡೆಸಿದವರ ಮಕ್ಕಳು ಇನ್ನೂ ನಮ್ಮ ನಡುವೆ ಇದ್ದಾರೆ. ಮನೆಯ ಅಟ್ಟದಲ್ಲಿ ಜಕಾತಿಯ ಪಾವತಿ, ಅಂಗಡಿಯ ಲೆಕ್ಕದ ಪುಸ್ತಕ ಇದ್ದರೆ ಬಿಸಾಡದೆ ಶಾಲೆಯ ಗ್ರಂಥಾಲಯಕ್ಕೆ ಕೊಡಿ. ಬಾವಿ ಮುಚ್ಚಿದೆ, ಒಂದು ಬಾನಿ ಒಡೆದಿದೆ. ಉಳಿದ ಬಾನಿಯಲ್ಲಿ ಮಕ್ಕಳು ಈಗ ಕೈಕಾಲು ತೊಳೆಯುತ್ತಾರೆ. ಅದು ಯಾವುದಕ್ಕೆ ಇತ್ತೆಂದು ಅವರಿಗೆ ಹೇಳುವವರು ಇನ್ನು ಹತ್ತು ವರ್ಷದಲ್ಲಿ ಉಳಿಯಲಿಕ್ಕಿಲ್ಲ.