ಸಾಗರದ ಕೊಳಗ, ಹೆಗ್ಗೋಡಿನ ನಾಟಕ

ಸಾಗರ ಅಂದ್ರೆ ಏನು ನೆನಪಾಗುತ್ತೆ? ಜೋಗಕ್ಕೆ ಹೋಗುವ ದಾರಿ, ಗುಡಿಗಾರರ ಗಂಧದ ಕೆತ್ತನೆ, ಅಡಿಕೆ ಮಂಡಿ, ಲಾಲ್ ಬಹದ್ದೂರ್ ಕಾಲೇಜು. ಸ್ವಲ್ಪ ಓದುವ ಚಟ ಇದ್ದವರು ‘ಪಕ್ಕದಲ್ಲೇ ಹೆಗ್ಗೋಡು, ನೀನಾಸಂ!’ ಅಂತಾರೆ. ಕಾಗೋಡು ಅನ್ನುವವರು ಕಡಿಮೆ. ನಂಗೆ ಅನ್ಸೋದು, ಈ ಎರಡು ಹಳ್ಳಿಗಳನ್ನು ಒಟ್ಟಿಗಿಟ್ಟು ನೋಡದಿದ್ದರೆ ಸಾಗರ ಅರ್ಥ ಆಗಲ್ಲ.

ಮೊದಲು ಕಾಗೋಡು. ಅಲ್ಲಿನ ಗೇಣಿದಾರರು ಒಡೆಯರಿಗೆ ಗೇಣಿ ಭತ್ತವನ್ನು ಕೊಳಗದಲ್ಲಿ ಅಳೆದು ಕೊಡಬೇಕಿತ್ತು. ಗೇಣಿ ಅಳೆಸಿಕೊಳ್ಳುವ ಕೊಳಗ ಮಾತ್ರ ಮಾಮೂಲಿಗಿಂತ ದೊಡ್ಡದು! ಲೆಕ್ಕದಲ್ಲಿ ಅಷ್ಟೇ ಕೊಳಗ, ಮನೆಯಿಂದ ಹೋಗುವ ಭತ್ತ ಜಾಸ್ತಿ. ರೈತರು ಕೇಳಿದ್ದು ಇಷ್ಟೇ: ಮೂರು ಸೇರಿನ ಕೊಳಗದಲ್ಲಿ ಅಳೆಯಿರಿ. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಉಳಬೇಡಿ ಅಂದ ಗದ್ದೆಗೆ ಇಳಿದು ಉಳುವುದು, ಜೈಲಿಗೆ ಹೋಗುವುದು. ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಜೊತೆಯಾದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ತಕ್ಷಣಕ್ಕೆ ಗೆಲುವೇನೂ ಸಿಗಲಿಲ್ಲ. ಆದರೆ 1952ರ ಚುನಾವಣೆಯಲ್ಲಿ ಗೋಪಾಲಗೌಡರು ಶಾಸಕರಾದರು. ‘ಉಳುವವನೇ ಹೊಲದೊಡೆಯ’ ಅನ್ನೋ ಮಾತು ಗಟ್ಟಿ ಕಾನೂನಾಗಲು 1974ರ ತನಕ, ದೇವರಾಜ ಅರಸರ ಕಾಲದ ತನಕ ಕಾಯಬೇಕಾಯಿತು.

ಈಗ ಹೆಗ್ಗೋಡು. ಸತ್ಯಾಗ್ರಹಕ್ಕೆ ಎರಡು ವರ್ಷ ಮೊದಲು, 1949ರಲ್ಲಿ, ಅಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿತ್ತು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರ (1932–2005) ಮೇಲೆ ಗಾಂಧಿ, ಲೋಹಿಯಾ ಇಬ್ಬರ ಪ್ರಭಾವವೂ ಇತ್ತು. 1957ರಲ್ಲಿ ಅಕ್ಷರ ಪ್ರಕಾಶನ, 1973ರಲ್ಲಿ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತುವ ‘ತಿರುಗಾಟ’, 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ. ಹಳ್ಳಿ ಜನರಿಗೆ ಇಷ್ಟು ಸಾಕು ಅಂತ ಬೇರೆ ಯಾರೋ ಅಳೆದುಕೊಡುವುದನ್ನು ಅವರು ಒಪ್ಪಲಿಲ್ಲ. ಅಡಿಕೆ ಸುಲಿಯುವವರೂ ಶೇಕ್ಸ್‌ಪಿಯರ್ ನೋಡಲಿ, ಸತ್ಯಜಿತ್ ರಾಯ್ ಚಿತ್ರ ನೋಡಲಿ ಅಂದರು. ಪಟ್ಟಣಕ್ಕೊಂದು ಕೊಳಗ, ಹಳ್ಳಿಗೊಂದು ಕೊಳಗ ಯಾಕೆ? ನನ್ನ ಲೆಕ್ಕದಲ್ಲಿ ಇದೂ ಕಾಗೋಡಿನ ಪ್ರಶ್ನೆಯೇ.

ಇದು ಎಷ್ಟು ದೊಡ್ಡ ಕೆಲಸ ಅಂತ ರಿಯಾದಿನ ಮಲಾಜ್‌ನಲ್ಲಿ ಕೂತರೆ ಚೆನ್ನಾಗಿ ಗೊತ್ತಾಗುತ್ತೆ. ಈ ಮಹಾನಗರದಲ್ಲಿ ದಶಕಗಳ ಕಾಲ ಸಿನಿಮಾ ಮಂದಿರವೇ ಇರಲಿಲ್ಲ, ಮೊದಲನೆಯದು ತೆರೆದದ್ದು 2018ರ ಏಪ್ರಿಲ್‌ನಲ್ಲಿ. ನಮ್ಮ ಮಲೆನಾಡಿನ ಹಳ್ಳಿಯೊಂದು ಅದಕ್ಕೂ ನಲವತ್ತೈದು ವರ್ಷ ಮೊದಲೇ ಚಿತ್ರಸಮಾಜ ಕಟ್ಟಿಕೊಂಡಿತ್ತು ಮಾರಾಯ್ರೇ!

ಒಂದು ಮಾತು ಮಾತ್ರ ಮುಚ್ಚಿಡಬಾರದು. ಸುಬ್ಬಣ್ಣನವರ ಬೆನ್ನಿಗೆ ಅಡಿಕೆ ತೋಟವಿತ್ತು. ಕಾಗೋಡಿನವರು ಉಳುತ್ತಿದ್ದ ನೆಲ ಅವರದಾಗಿರಲಿಲ್ಲ. ನಾಟಕ ಸಂಸ್ಥೆಯಾಯಿತು, ಕಟ್ಟಡವಾಯಿತು, ಪುಸ್ತಕವಾಯಿತು. ಜೈಲಿಗೆ ಹೋಗಿ ಬಂದವರು ಮರುದಿನ ಗದ್ದೆ ಕೆಲಸಕ್ಕೆ ಹೋದರು, ಅವರ ಹೆಸರು ಬರೆದಿಟ್ಟವರು ಕಡಿಮೆ. ಅದಕ್ಕೇ ಒಂದು ಊರು ಜಗತ್ತಿಗೆ ಗೊತ್ತು, ಇನ್ನೊಂದು ನಮ್ಮವರಿಗೇ ಗೊತ್ತಿಲ್ಲ.

ಎರಡೂ ದಾರಿ ಒಬ್ಬರಲ್ಲೇ ಕೂಡಿದ್ದೂ ಉಂಟು. 1975ರಲ್ಲಿ ‘ಸಮುದಾಯ’ ರಂಗತಂಡ ಕಟ್ಟಿದವರಲ್ಲಿ ಒಬ್ಬರಾದ ಪ್ರಸನ್ನ ಮುಂದೆ ಹೆಗ್ಗೋಡಿಗೆ ಬಂದು, ಪಕ್ಕದ ಭೀಮನಕೋಣೆಯಲ್ಲಿ ಕೈಮಗ್ಗದ ‘ಚರಕ’ ಮಹಿಳಾ ಸಹಕಾರ ಸಂಘಕ್ಕೆ ಹೆಗಲು ಕೊಟ್ಟರು. 2017ರಲ್ಲಿ ಕೈಯಿಂದ ಮಾಡಿದ ವಸ್ತುಗಳಿಗೆ ಜಿಎಸ್‌ಟಿ ಬೇಡ ಅಂತ ಕರ ನಿರಾಕರಣೆ ಸತ್ಯಾಗ್ರಹಕ್ಕೇ ಇಳಿದರು. ಅದೇ ತಾಲ್ಲೂಕು, ಅದೇ ಹಳೇ ಪದ.

1951ರಲ್ಲಿ ಇಪ್ಪತ್ತರ ಹುಡುಗರಾಗಿದ್ದವರಿಗೆ ಈಗ ತೊಂಬತ್ತು ದಾಟಿದೆ. ನಿಮ್ಮ ಮನೆ ಸಾಗರ, ಹೊಸನಗರ, ಸೊರಬದ ಕಡೆಯಾಗಿದ್ದರೆ ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ಅಜ್ಜ ಅಜ್ಜಿಯರನ್ನು ಕೇಳಿ: ನಿಮ್ಮ ಕಾಲದಲ್ಲಿ ಗೇಣಿ ಹೇಗೆ ಅಳೆಯುತ್ತಿದ್ದರು? ಏನು ಹೇಳ್ತಾರೋ ಅದನ್ನ ಬರೆದಿಡಿ, ದಯವಿಟ್ಟು.