ದರೋಜಿಯ ಈರಮ್ಮ ಯಾವ ಪಟ್ಟಿಯ ಕವಿ?

ಶಾಲೆಯ ಕನ್ನಡ ಪುಸ್ತಕದಲ್ಲಿ ಪ್ರತಿ ಪದ್ಯದ ಜೊತೆಗೆ ‘ಕವಿ ಪರಿಚಯ’ ಅಂತ ನಾಲ್ಕು ಸಾಲು ಇರುತ್ತದೆ. ಕಾಲ, ಸ್ಥಳ, ಕೃತಿ, ಬಿರುದು. ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಾರೆ, ಹುಡುಗರು ಮಾರ್ಕಿಗಾಗಿ ಬಾಯಿಪಾಠ ಮಾಡುತ್ತಾರೆ. ಆ ಕವಿ ಹೊಟ್ಟೆಗೆ ಏನು ಮಾಡುತ್ತಿದ್ದ, ಊರಲ್ಲಿದ್ದನೋ ಕೇರಿಯಲ್ಲಿದ್ದನೋ, ಯಾರ ಮನೆಯ ಜಗಲಿವರೆಗೆ ಅವನಿಗೆ ದಾರಿಯಿತ್ತು, ಇದ್ಯಾವುದೂ ಆ ನಾಲ್ಕು ಸಾಲಲ್ಲಿ ಸಿಗೋದಿಲ್ಲ. ಗೆಳೆಯರೆ, ಕಾವ್ಯದ ಚರಿತ್ರೆ ಇಲ್ಲಿಂದಲೇ ಮೋಸ ಶುರುಮಾಡುತ್ತದೆ.

ಹಂಪೆಯನ್ನೇ ತಗೊಳ್ಳಿ. ಹರಿಹರ ದೋರಸಮುದ್ರದ ಅರಸನ ಲೆಕ್ಕ ಬರೆಯುವ ಕರಣಿಕನಾಗಿದ್ದ, ಅದನ್ನು ಬಿಟ್ಟು ಹಂಪೆಗೆ ಬಂದು ವಿರೂಪಾಕ್ಷನ ಪಾದ ಹಿಡಿದ ಅಂತ ಐತಿಹ್ಯ. ಅವನ ಸೋದರಳಿಯ ರಾಘವಾಂಕ ಹರಿಶ್ಚಂದ್ರನ ಕಾವ್ಯದಲ್ಲಿ ಹೊಲೆಯರ ಹೆಣ್ಣುಮಕ್ಕಳನ್ನು ಅರಸನೆದುರು ನಿಲ್ಲಿಸಿ ವಾದಕ್ಕೆ ಬಿಟ್ಟ. ದೊಡ್ಡ ಮಾತೇ ಸರಿ. ಆದರೆ ಅಲ್ಲೂ ಮಾತು ಆಡಿಸಿದವನು ರಾಘವಾಂಕ. ಆ ಹೆಣ್ಣುಮಕ್ಕಳು ತಾವಾಗಿ ಏನು ಹಾಡುತ್ತಿದ್ದರು ಅನ್ನೋದಕ್ಕೆ ಓಲೆಗರಿ ಇಲ್ಲ.

ಓಲೆಗರಿ ಇಲ್ಲದೆಯೂ ಕಾವ್ಯ ಉಳಿಯುತ್ತದೆ ಅನ್ನೋದಕ್ಕೆ ಸಾಕ್ಷಿ ಸಂಡೂರು ತಾಲ್ಲೂಕಿನ ದರೋಜಿಯಲ್ಲಿತ್ತು. ಬುರ್ರಕಥಾ ಈರಮ್ಮ. 1930ರ ಸುಮಾರಿಗೆ ಹುಟ್ಟಿ 2014ರ ಆಗಸ್ಟ್‌ನಲ್ಲಿ ತೀರಿಕೊಂಡರು. ಜಾತಿ ಬುಡ್ಗ ಜಂಗಮ. ಮನೆಮಾತು ತೆಲುಗು, ಹಾಡಿದ್ದು ಕನ್ನಡದಲ್ಲೂ ತೆಲುಗಿನಲ್ಲೂ. ಸುಗ್ಗಿಯಾದ ಮೇಲೆ ಊರೂರು ತಿರುಗಿ, ಕಥೆ ಹೇಳಿ, ಕಣದಲ್ಲಿ ಕಾಳು ಬೇಡಿ ಬದುಕಿದ ಅಲೆಮಾರಿ ಕುಲ ಅದು. ಹುಡುಗಿಯಾಗಿದ್ದಾಗಲೇ ತಂದೆ ಲಾಲಪ್ಪನಿಂದ ಕಲಿತರು. ಕೈಯಲ್ಲಿ ತಂಬೂರಿ, ಪಕ್ಕದಲ್ಲಿ ಬುರ್ರ ಬಡಿಯುತ್ತ ಹಿಮ್ಮೇಳಕ್ಕೆ ನಿಂತ ಮನೆಯ ಹೆಣ್ಣುಮಕ್ಕಳು. ಅಕ್ಷರ ಗೊತ್ತಿರಲಿಲ್ಲ. ತಲೆಯಲ್ಲಿದ್ದದ್ದು 12 ಕಾವ್ಯ! ಬರೆದಿಟ್ಟರೆ 7,000 ಪುಟದಷ್ಟಾಗುತ್ತದೆ ಅಂತ ಲೆಕ್ಕ ಹಾಕಿದವರಿದ್ದಾರೆ. ಬಾಲನಾಗಮ್ಮ, ಬಬ್ಬುಲಿ ನಾಗಿರೆಡ್ಡಿ, ಜೈಸಿಂಗರಾಜ, ಕುಮಾರರಾಮ.

ಈ ಕುಮಾರರಾಮನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅವನು ಕಂಪಿಲರಾಯನ ಮಗ. ಕಂಪ್ಲಿ ಅವರ ಹೆಸರು ಹೊತ್ತ ಊರು, ಕುಮ್ಮಟದುರ್ಗ ಹೊಳೆಯಾಚೆ. ವಿಜಯನಗರ ಹುಟ್ಟೋ ಮೊದಲು, 1327ರ ಹೊತ್ತಿಗೆ, ದೆಹಲಿಯ ತುಘಲಕನ ದಂಡಿಗೆ ಈ ಸಣ್ಣ ರಾಜ್ಯ ಬಿತ್ತು. ಅರಮನೆ ಹೋಯಿತು, ಕಥೆ ಹೋಗಲಿಲ್ಲ. 16ನೇ ಶತಮಾನದಲ್ಲಿ ನಂಜುಂಡ ಕವಿ ಅದನ್ನು ಸಾಂಗತ್ಯದಲ್ಲಿ ಬರೆದ. ವಿದ್ವಾಂಸರು ಹಸ್ತಪ್ರತಿ ಹುಡುಕಿದರು, ಪಾಠಾಂತರ ನೋಡಿದರು, ಕವಿಯ ಕಾಲ ನಿರ್ಣಯ ಮಾಡಿದರು. ಅದೇ ಕಥೆಯನ್ನು ಅದೇ ಕಂಪ್ಲಿ ಸೀಮೆಯಲ್ಲಿ ಈರಮ್ಮ ರಾತ್ರಿಗಟ್ಟಲೆ ಹಾಡಿದರೆ ಅದು ‘ಜಾನಪದ’. ನಂಜುಂಡನಾದರೆ ಕವಿ, ಈರಮ್ಮನಾದರೆ ‘ವಕ್ತೃ’! ಪುಸ್ತಕ ಮಾಡುವಾಗಲೂ ಹೀಗೇ. ನಮ್ಮ ಜಾನಪದ ಸಂಗ್ರಹಗಳಲ್ಲಿ ಸಂಪಾದಕರ ಹೆಸರು ರಟ್ಟಿನ ಮೇಲೆ, ಹಾಡಿದವರ ಹೆಸರು ಒಳಗೆಲ್ಲೋ. ಇದು ಒಬ್ಬ ಪ್ರೊಫೆಸರರ ದುರುದ್ದೇಶ ಅಂತ ನಾನು ಹೇಳೋದಿಲ್ಲ. ಪದ್ಧತಿ ಅದು. ಪದ್ಧತಿಯೇ ಹೆಚ್ಚು ಅಪಾಯ.

ನ್ಯಾಯವಾಗಿ ಹೇಳಬೇಕಾದ್ದೂ ಇದೆ. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಆಗದೇ ಇದ್ದಿದ್ದರೆ ಈರಮ್ಮನ ಕಾವ್ಯ ಅಚ್ಚಿನ ಮುಖ ನೋಡುವುದು ಕಷ್ಟವಿತ್ತು. ಪಂಪನ ಹೆಸರಿಗಂಟಿದ ನಾಡೋಜ ಬಿರುದನ್ನು 2003ರಲ್ಲಿ ಆ ವಿಶ್ವವಿದ್ಯಾಲಯ ಈರಮ್ಮನಿಗೆ ಕೊಟ್ಟಿತು. ಅದಕ್ಕೂ ಮೊದಲು 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂದಿತ್ತು. (ದರೋಜಿಯ ಕರಡಿಗಳಿಗೆ ಸರ್ಕಾರ 1994ರಲ್ಲೇ ಧಾಮ ಮಾಡಿಕೊಟ್ಟಿತ್ತು. ಕರಡಿಗಳ ಮೇಲೆ ನನಗೆ ಸಿಟ್ಟಿಲ್ಲ.)

ಚಳವಳಿಯ ಕಡೆಯಿಂದ ನೋಡಿದರೆ ಲೆಕ್ಕ ಇನ್ನೂ ಇರುಸುಮುರುಸು. 1979ರಲ್ಲಿ ಬಂಡಾಯ ಸಂಘಟನೆ ಕಟ್ಟಿದಾಗ ಈರಮ್ಮನಿಗೆ ಐವತ್ತರ ಹತ್ತಿರ, ಗಂಟಲು ಗಟ್ಟಿಯಿದ್ದ ಕಾಲ. ಆಗ ನಮ್ಮ ಕವಿ ಅಂದರೆ ಸಿದ್ಧಲಿಂಗಯ್ಯ. ಮಾಗಡಿಯ ಮಂಚನಬೆಲೆಯಲ್ಲಿ ಹುಟ್ಟಿ, ಶ್ರೀರಾಮಪುರದ ಕೇರಿಯಲ್ಲಿ ಬೆಳೆದು, 1975ರಲ್ಲಿ ‘ಹೊಲೆಮಾದಿಗರ ಹಾಡು’ ತಂದವರು. ಎತ್ತಿನ ಬದಲು ನೊಗಕ್ಕೆ ಹೆಗಲು ಕೊಟ್ಟ ಅಪ್ಪನನ್ನು ‘ಊರುಕೇರಿ’ಯಲ್ಲಿ ಕಾಣಿಸಿದರು. ಚಾಮರಾಜನಗರದ ಕಡೆಯ ಮೂಡ್ನಾಕೂಡು ಚಿನ್ನಸ್ವಾಮಿ ಸರ್ಕಾರಿ ಬಸ್ಸಿನ ಸಂಸ್ಥೆಯಲ್ಲಿ ನೌಕರಿ ಮಾಡುತ್ತಲೇ ಪದ್ಯ ಬರೆದರು. ಹರಿಹರ ಲೆಕ್ಕದ ಪುಸ್ತಕ ಎಸೆದು ಕವಿಯಾದ ಅಂತಾರೆ. ನಮ್ಮವರಿಗೆ ಹಾಗೆ ಎಸೆಯುವ ಅನುಕೂಲ ಇರಲಿಲ್ಲ. ಸಂಬಳದಲ್ಲಿ ಮನೆ ನಡೆಯಬೇಕು, ಬೀದಿಯಲ್ಲಿ ಘೋಷಣೆಯೂ ಕೂಗಬೇಕು. ಆದರೂ ಇವರಿಗೆ ಶಾಲೆಯ ಬಾಗಿಲು ತೆರೆದಿತ್ತು. ಈರಮ್ಮನ ಕುಲಕ್ಕೆ ನಿಂತ ನೆಲವೇ ಇರಲಿಲ್ಲ, ಶಾಲೆ ಎಲ್ಲಿಂದ ಬರಬೇಕು? ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯನ್ನು ನೋಡಿ. ಮನೆಯಿಂದ ಹೊರಬಿದ್ದು, ಭಿಕ್ಷೆ ಬೇಡಿ, ಎಲ್ಲಮ್ಮನ ಹಾಡು ಕುಣಿತ ಕಲಿತು, 2021ರಲ್ಲಿ ಪದ್ಮಶ್ರೀ ಪಡೆದರು. ಕವಿಗೋಷ್ಠಿ ನಡೆಸುವವರು ಇಂಥವರನ್ನು ಕೂಡಿಸೋದು ಸಾಂಸ್ಕೃತಿಕ ಕಾರ್ಯಕ್ರಮದ ಸಾಲಿನಲ್ಲಿ, ಕವಿಗಳ ಸಾಲಿನಲ್ಲಲ್ಲ.

ಹಿನ್ನೆಲೆ ಅನ್ನೋದು ಕೊನೆಗೆ ಕಾಗದದ ಪ್ರಶ್ನೆ. ಕರಿಯರ ಹುಡುಗಿ, ಗುಲಾಮಳಾಗಿದ್ದ ಫಿಲಿಸ್ ವೀಟ್ಲಿ 1773ರಲ್ಲಿ ಕವನ ಸಂಕಲನ ತಂದಾಗ, ಇವು ಇವಳೇ ಬರೆದವು ಅಂತ ಬಾಸ್ಟನ್ನಿನ ದೊಡ್ಡ ಮನುಷ್ಯರು ರುಜು ಹಾಕಿಕೊಡಬೇಕಾಯಿತು. ಇಲ್ಲಿ ಕಥೆ ತಿರುವುಮುರುವು. ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ‘ಬೇಡ ಜಂಗಮ, ಬುಡ್ಗ ಜಂಗಮ’ ಅಂತ ಇದೆ. ಮಠಮಾನ್ಯದ ಜಂಗಮರಲ್ಲಿ ಕೆಲವರು ತಾವೇ ಆ ‘ಬೇಡ ಜಂಗಮ’ ಅಂತ ಸರ್ಟಿಫಿಕೇಟು ಕೇಳಿದರು, ತಕರಾರು ಕೋರ್ಟಿನವರೆಗೆ ಹೋಯಿತು. ಬೇಡಿ ಹಾಡಿದವರ ಬಡತನ ಯಾರಿಗೂ ಬೇಡ, ಆ ಬಡತನದ ಕಾಗದ ಮಾತ್ರ ಬೇಕು.

ಹಂಪಿಯೆದುರು ಹೊಳೆ ದಾಟಿದರೆ ಆನೆಗೊಂದಿ. 2020ರ ಜನವರಿಯಲ್ಲಿ ಆನೆಗೊಂದಿ ಉತ್ಸವದ ಕವಿಗೋಷ್ಠಿಯಲ್ಲಿ ಕೊಪ್ಪಳದ ಸಿರಾಜ್ ಬಿಸರಳ್ಳಿ ‘ನಿನ್ನ ದಾಖಲೆ ಯಾವಾಗ ನೀಡುತ್ತೀ’ ಅನ್ನೋ ಪದ್ಯ ಓದಿದರು. ಪೌರತ್ವ ಕಾಯ್ದೆಯ ಗಲಾಟೆಯ ದಿನಗಳವು. ಕೇಸು ಬಿತ್ತು. ಫೆಬ್ರವರಿಯಲ್ಲಿ ಅವರನ್ನೂ, ಪದ್ಯ ಹಂಚಿಕೊಂಡ ಪತ್ರಕರ್ತರೊಬ್ಬರನ್ನೂ ಬಂಧಿಸಿದರು. ಜಾಮೀನಿನ ಮೇಲೆ ಹೊರಬಂದರು. ಅದೇ ಸೀಮೆಯಲ್ಲಿ ಒಬ್ಬ ಕವಿ ದಾಖಲೆಯೇ ಇಲ್ಲದೆ ಸತ್ತರು, ಇನ್ನೊಬ್ಬ ಕವಿ ದಾಖಲೆ ಕೇಳುವವರಿಗೇ ದಾಖಲೆ ಕೇಳಿ ಸ್ಟೇಷನ್ ಹತ್ತಿದರು.

2021ರಲ್ಲಿ ಬಳ್ಳಾರಿ ಒಡೆದು ವಿಜಯನಗರ ಜಿಲ್ಲೆಯಾಯಿತು. ಹೊಸಪೇಟೆ, ಹಂಪಿ, ವಿಶ್ವವಿದ್ಯಾಲಯ ಈ ಕಡೆ. ಸಂಡೂರು, ಕಂಪ್ಲಿ, ದರೋಜಿ ಆ ಕಡೆ. ಎರಡು ಜಿಲ್ಲೆಗೂ ಕವಿಗಳ ಪಟ್ಟಿ ಮಾಡುವ ಮೇಷ್ಟ್ರುಗಳು ಇದ್ದೇ ಇರುತ್ತಾರೆ. ಅವರು ಈರಮ್ಮನ ಹೆಸರು ಬರೆಯುವಾಗ ‘ವೃತ್ತಿ’ ಅನ್ನೋ ಕಾಲಮ್ಮಿನಲ್ಲಿ ಭಿಕ್ಷಾಟನೆ ಅಂತಲೇ ಬರೆಯಲಿ. ಅದರ ಪಕ್ಕದ ಕಾಲಮ್ಮಿನಲ್ಲಿ ‘ಕಲಾವಿದೆ’ ಅನ್ನೋದನ್ನು ಹೊಡೆದು ‘ಕವಿ’ ಅಂತ ಬರೆಯಲಿ.