ತಂತ್ರಾಂಶದ ಮರುಸ್ಥಾಪನೆ

ಕೆಟ್ಟುಹೋದ ತಂತ್ರಾಂಶದ ಕಡತಗಳನ್ನು ಹೊಸದಾಗಿ ಕೂರಿಸಿ, ಬಳಕೆದಾರರು ಮಾಡಿಕೊಂಡ ಸೆಟ್ಟಿಂಗ್‌ಗಳನ್ನು ಹಾಗೆಯೇ ಉಳಿಸಿಕೊಳ್ಳುವ ದುರಸ್ತಿ ಕ್ರಮ. ಪ್ರೋಗ್ರಾಂ ಒಂದೆಡೆ, ಸೆಟ್ಟಿಂಗ್ ಇನ್ನೊಂದೆಡೆ ಇದ್ದಾಗ ಮಾತ್ರ ಇದು ಸಲೀಸು. ಯೂನಿಕ್ಸ್ ವಂಶದ ವ್ಯವಸ್ಥೆಗಳಲ್ಲಿ ಇಡೀ ಯಂತ್ರದ ಸೆಟ್ಟಿಂಗ್‌ಗಳಿಗೆ ಇಟಿಸಿ ಡೈರೆಕ್ಟರಿ ಮೀಸಲು. ಬಳಕೆದಾರರವು ಅವರವರ ಹೋಮ್ ಡೈರೆಕ್ಟರಿಯಲ್ಲಿ, ಹೆಚ್ಚಾಗಿ ಚುಕ್ಕೆಯಿಂದ ಶುರುವಾಗುವ ಕಡತಗಳಲ್ಲಿ ಇರುತ್ತವೆ.

ವಿಂಡೋಸ್ 95ರಿಂದ (1995) ಈಚೆಗೆ ಸೆಟ್ಟಿಂಗ್‌ಗಳ ಮುಖ್ಯ ಕಣಜ ರಿಜಿಸ್ಟ್ರಿ. ಕನ್ನಡ ಕೀಲಿಮಣೆ ಆರಿಸಿಕೊಂಡವರ ಖಾತೆಯಲ್ಲಿ ಆ ಆಯ್ಕೆ 0000044ಬಿ ಎಂಬ ಸಂಕೇತವಾಗಿ ದಾಖಲಾಗುತ್ತದೆ. ವಿಂಡೋಸ್ ಎಕ್ಸ್‌ಪಿಯಲ್ಲಿ (2001) ಸಿಡಿಯಿಂದ ಯಂತ್ರ ಆರಂಭಿಸಿ, ಹಳೆಯ ಸ್ಥಾಪನೆಯನ್ನು ತೋರಿಸಿ, 'ಆರ್' ಕೀಲಿ ಒತ್ತಿದರೆ ದುರಸ್ತಿ ನಡೆಯುತ್ತಿತ್ತು. ವಿಂಡೋಸ್ 8ರ (2012) 'ರಿಫ್ರೆಶ್' ವೈಯಕ್ತಿಕ ಕಡತಗಳನ್ನು ಉಳಿಸಿದರೂ ಹೊರಗಿನಿಂದ ಹಾಕಿಕೊಂಡ ಡೆಸ್ಕ್‌ಟಾಪ್ ಪ್ರೋಗ್ರಾಂಗಳನ್ನು ತೆಗೆದುಹಾಕುತ್ತಿತ್ತು.

ಸೆಟ್ಟಿಂಗ್ ಕಾಯುವುದರಲ್ಲಿ ಅತ್ಯಂತ ಎಚ್ಚರದ ವಿಧಾನವೆಂದು ಹೇಳಬಹುದಾದದ್ದು ತಂತ್ರಾಂಶವನ್ನು ಪೊಟ್ಟಣಗಳಾಗಿ (ಪ್ಯಾಕೇಜ್) ಸ್ಥಾಪಿಸುವ, ಡೆಬಿಯನ್ ಲಿನಕ್ಸ್‌ನ ಡಿಪಿಕೆಜಿ ಸಾಧನದ್ದು. ಪೊಟ್ಟಣದ ಕೆಲವು ಕಡತಗಳನ್ನು ಅದು 'ಕಾನ್ಫ್‌ಫೈಲ್' ಎಂದು ಗುರುತಿಸಿ, ಅವು ಬಂದಾಗ ಹೇಗಿದ್ದವು ಎಂಬುದರ ಎಂಡಿ5 ಮೊತ್ತವನ್ನು ಬರೆದಿಡುತ್ತದೆ. ಮುಂದಿನ ಸ್ಥಾಪನೆಯಲ್ಲಿ ಮೂರನ್ನು ಹೋಲಿಸುತ್ತದೆ: ಹಿಂದೆ ಬಂದದ್ದು, ಈಗ ಡಿಸ್ಕಿನಲ್ಲಿರುವುದು, ಹೊಸದಾಗಿ ಬಂದದ್ದು. ಬಳಕೆದಾರರು ಮುಟ್ಟಿಲ್ಲದಿದ್ದರೆ ಹೊಸದು ಕೂರುತ್ತದೆ. ಅವರು ತಿದ್ದಿದ್ದು, ಪೊಟ್ಟಣದ ಪ್ರತಿ ಬದಲಾಗಿಲ್ಲದಿದ್ದರೆ ತಿದ್ದುಪಡಿಯೇ ಉಳಿಯುತ್ತದೆ. ಎರಡೂ ಕಡೆ ಬದಲಾಗಿದ್ದರೆ ಮಾತ್ರ ಪ್ರಶ್ನೆ ಕೇಳುತ್ತದೆ. ಉತ್ತರಿಸದೆ ಎಂಟರ್ ಒತ್ತಿದರೆ ಹಳೆಯದೇ ಉಳಿಯುತ್ತದೆ. ಬೇಕೆಂದೇ ಅಳಿಸಿದ ಕಡತವನ್ನೂ ಅದು ಮರಳಿ ತರುವುದಿಲ್ಲ. ಅಳಿಸಿದ್ದೂ ಬಳಕೆದಾರರ ನಿರ್ಧಾರವೇ ಎಂಬುದು ಇದರ ಹಿಂದಿನ ಗೌರವ.

ಈ ಗೌರವದಿಂದಲೇ ಒಂದು ತೊಡಕೂ ಇದೆ. ಅದೇ ಆವೃತ್ತಿಯನ್ನು ಎಷ್ಟು ಸಲ ಮರುಸ್ಥಾಪಿಸಿದರೂ ತಪ್ಪಾಗಿ ತಿದ್ದಿದ ಸೆಟ್ಟಿಂಗ್ ಸರಿಯಾಗದು. ಪೊಟ್ಟಣವನ್ನು 'ರಿಮೂವ್' ಮಾಡಿದರೂ ಕಾನ್ಫ್‌ಫೈಲ್‌ಗಳು ಉಳಿಯುತ್ತವೆ. 'ಪರ್ಜ್' ಮಾಡಿದರೆ ಅವೂ ಹೋಗುತ್ತವೆ. ಹೋಮ್ ಡೈರೆಕ್ಟರಿಯಲ್ಲಿರುವುದನ್ನು ಪರ್ಜ್ ಕೂಡ ಸಾಮಾನ್ಯವಾಗಿ ಮುಟ್ಟದು. ಆದ್ದರಿಂದ ದೋಷ ಪ್ರೋಗ್ರಾಂನಲ್ಲಿದೆಯೋ ಸೆಟ್ಟಿಂಗ್‌ನಲ್ಲಿದೆಯೋ ಎಂದು ಮೊದಲು ನೋಡಬೇಕು. ಹೊಸ ಬಳಕೆದಾರ ಖಾತೆಯಲ್ಲಿ ಪ್ರೋಗ್ರಾಂ ಸರಿಯಾಗಿ ನಡೆದರೆ ದೋಷ ಹಳೆಯ ಖಾತೆಯ ಸೆಟ್ಟಿಂಗ್‌ಗಳಲ್ಲಿ ಇರುವ ಸಂಭವ ಹೆಚ್ಚು.

ಫೈರ್‌ಫಾಕ್ಸ್‌ನ 'ರಿಫ್ರೆಶ್' ಇಂಥ ದೋಷಕ್ಕೆಂದೇ ಇರುವುದು. ಅದು ಪ್ರೋಗ್ರಾಂ ಕಡತಗಳನ್ನು ಬದಲಿಸದೆ ಹೊಸ ಪ್ರೊಫೈಲ್ ಕಟ್ಟುತ್ತದೆ. ಬುಕ್‌ಮಾರ್ಕ್, ಪಾಸ್‌ವರ್ಡ್, ಕಾಗುಣಿತ ಪರೀಕ್ಷೆಗೆ ಸೇರಿಸಿಕೊಂಡ ಸ್ವಂತ ಪದಗಳು ಹೊಸದಕ್ಕೆ ಬರುತ್ತವೆ. ವಿಸ್ತರಣೆಗಳೂ ಬದಲಿಸಿಕೊಂಡ ಆದ್ಯತೆಗಳೂ ಬರುವುದಿಲ್ಲ.